ರೆಕ್ಕೆ ನಂಬಬೇಡಿ, ಮೈ ನೋಡಿ

ತುಮಕೂರಿನ ಕಾಲೇಜೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಪರದೆ ಮೇಲೆ ಚಿತ್ರ ತೋರಿಸಿ ಮುಂದೆ ಹೋದ ಕಡೆ ಓದುವವರಿಗಾಗಿ ಸ್ವಲ್ಪ ವಿವರ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಪರದೆ ಮೇಲೆ ಎರಡು ಚಿಟ್ಟೆಗಳಿವೆ. ಎರಡೂ ಕಪ್ಪು. ಎರಡಕ್ಕೂ ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿನಲ್ಲಿ ಕೆಂಪು ಗುರುತುಗಳ ಸಾಲು, ಕೆಳಗೊಂದು ಪುಟ್ಟ ಬಾಲ. ಇವೆರಡೂ ಒಂದೇ ಜಾತಿ ಅನ್ನುವವರು ಕೈ ಎತ್ತಿ. ಸರಿ, ಹೆಚ್ಚುಕಡಿಮೆ ಎಲ್ಲರೂ ಎತ್ತಿದಿರಿ. ಈಗ ಮುಂದಿನ ಚಿತ್ರ ನೋಡಿ. ಇಲ್ಲಿ ಮೂರು ಚಿಟ್ಟೆಗಳಿವೆ. ಒಂದಕ್ಕೆ ಹಿಂದಿನ ರೆಕ್ಕೆಯ ಉದ್ದಕ್ಕೂ ಕೆನೆ ಬಣ್ಣದ ಚುಕ್ಕೆಗಳ ಪಟ್ಟಿ, ಅಷ್ಟೇ. ಇನ್ನೊಂದಕ್ಕೆ ಬಿಳಿ ಮಚ್ಚೆ, ಕೆಂಪು ಅಂಚು. ಮೂರನೆಯದಕ್ಕೆ ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಹಿಂದಿನ ರೆಕ್ಕೆ ತುಂಬಾ ಕೆಂಪು ಚುಕ್ಕೆ. ಇವು ಎಷ್ಟು ಜಾತಿ? ಮೂರು ಅಂತೀರಿ.

ಎರಡು ಕಡೆಯೂ ಉತ್ತರ ತಲೆಕೆಳಗು. ಮೊದಲ ಚಿತ್ರದಲ್ಲಿದ್ದದ್ದು ಎರಡು ಬೇರೆ ಜಾತಿ. ಎರಡನೆಯದರಲ್ಲಿ ಇದ್ದದ್ದು ಒಂದೇ ಜಾತಿ, ಮೂರೂ ಹೆಣ್ಣು. ಒಂದೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ಬಗೆಯ ಹೆಣ್ಣುಗಳು ಹುಟ್ಟಬಹುದು.

ಈ ಚಿಟ್ಟೆಯ ಹೆಸರು ಕಾಮನ್ ಮಾರ್ಮನ್. ವಿಜ್ಞಾನದ ಹೆಸರು ಪ್ಯಾಪಿಲಿಯೊ ಪಾಲಿಟೀಸ್. ಇದನ್ನು ನೋಡಲು ಕಾಡಿಗೇ ಹೋಗಬೇಕಿಲ್ಲ. ನಿಮ್ಮ ಹಿತ್ತಲಲ್ಲಿ ಕರಿಬೇವಿನ ಗಿಡ ಇದ್ದರೆ ಅದು ಆಗಲೇ ನಿಮ್ಮ ಮನೆಗೆ ಬಂದು ಹೋಗಿರುತ್ತದೆ. ನಿಂಬೆ, ಹೇರಳೆ, ದೇವಸ್ಥಾನದ ಅಂಗಳದ ಬಿಲ್ವ, ಇವೂ ಅದಕ್ಕೆ ಆಗುತ್ತವೆ. ದಕ್ಷಿಣ ಏಷ್ಯಾದಿಂದ ಆಗ್ನೇಯ ಏಷ್ಯಾದವರೆಗೆ, ಬಿಸಿಲು ಮಳೆ ಎರಡೂ ಇರುವ ನಾಡುಗಳಲ್ಲೆಲ್ಲ ಇದೆ. ನಮ್ಮಲ್ಲಿ ವರ್ಷವಿಡೀ ಕಾಣುತ್ತದೆ. ಮಳೆ ಹಿಡಿದ ಮೇಲೆ, ಅದರಲ್ಲೂ ಹಸ್ತ ಚಿತ್ತೆ ಮಳೆಯ ಹೊತ್ತಿಗೆ ಜಾಸ್ತಿ.

ಗಂಡಿನ ವಿಷಯ ಬೇಗ ಮುಗಿಸುತ್ತೇನೆ, ಯಾಕಂದ್ರೆ ಅದರಲ್ಲಿ ಗೊಂದಲವೇ ಇಲ್ಲ. ಎಲ್ಲ ಗಂಡುಗಳೂ ಒಂದೇ ಥರ. ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಕೆನೆ ಚುಕ್ಕೆಗಳ ಸಾಲು. ಮಳೆಗಾಲದಲ್ಲಿ ಒದ್ದೆ ಮಣ್ಣಿನ ಮೇಲೆ ಕೂತು ಉಪ್ಪಿನಂಶ ಹೀರುತ್ತಿರುತ್ತವೆ. ಕಥೆ ಇರುವುದು ಹೆಣ್ಣಿನಲ್ಲಿ.

ಹೆಣ್ಣಿನಲ್ಲಿ ಮೂರು ರೂಪ. ಗಂಡಿನ ಹಾಗೇ ಇರುವುದನ್ನು ಸೈರಸ್ ರೂಪ ಅಂತಾರೆ. ಬಿಳಿ ಮಚ್ಚೆಯದ್ದು ಸ್ಟಿಕಿಯಸ್. ಅದು ಕಾಮನ್ ರೋಸ್ ಅನ್ನುವ ಬೇರೆಯೇ ಚಿಟ್ಟೆಯ ವೇಷ. ಕೆಂಪು ಚುಕ್ಕೆ ತುಂಬಿದ್ದು ರೊಮುಲಸ್. ಅದು ಕ್ರಿಮ್ಸನ್ ರೋಸ್ ಅನ್ನುವ ಇನ್ನೊಂದು ಚಿಟ್ಟೆಯ ವೇಷ. ಈ ಎರಡು ರೋಸ್‌ಗಳ ಹೆಸರು ನೆನಪಿಟ್ಟುಕೊಳ್ಳಿ. ಇವತ್ತಿನ ಮಾತೆಲ್ಲ ಇವುಗಳ ಸುತ್ತಲೇ ಇರುತ್ತದೆ.

ಗೊಂದಲ ನಮಗೆ ಮಾತ್ರ ಆದದ್ದಲ್ಲ, ದೊಡ್ಡವರಿಗೂ ಆಗಿದೆ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಪ್ರಾಣಿಗಳಿಗೆ ಹೆಸರಿಡಲು ಕೂತಾಗ ಈ ಚಿಟ್ಟೆಯ ಗಂಡನ್ನು ಪಮ್ಮನ್ ಅಂತ ಕರೆದ. ಹೆಣ್ಣನ್ನು ಪಾಲಿಟೀಸ್ ಅಂತ ಬೇರೆ ಜಾತಿ ಮಾಡಿದ. ರೊಮುಲಸ್ ರೂಪಕ್ಕೆ ಆಮೇಲೆ ಕ್ರಾಮರ್ ಅನ್ನುವವನು ಮೂರನೆಯ ಹೆಸರು ಕೊಟ್ಟ. ಒಂದೇ ಮನೆಯವರು ಮೂರು ಜಾತಿಯಾಗಿ ಸುಮಾರು ನೂರು ವರ್ಷ ಕೂತರು. ಇನ್ನೊಂದು ತಮಾಷೆ ಇದೆ. ಲಿನೇಯಸ್ ಈ ಗುಂಪಿನ ಚಿಟ್ಟೆಗಳಿಗೆ ಟ್ರಾಯ್ ಯುದ್ಧದ ಕಥೆಯಿಂದ ಹೆಸರು ಆಯ್ದಿದ್ದ. ಕ್ರಿಮ್ಸನ್ ರೋಸ್‌ಗೆ ಅವನಿಟ್ಟದ್ದು ಹೆಕ್ಟರ್. ಆ ಕಥೆಯಲ್ಲಿ ಹೆಕ್ಟರ್, ಪಾಲಿಟೀಸ್, ಪಮ್ಮನ್ ಮೂವರೂ ರಾಜ ಪ್ರಿಯಾಮನ ಮಕ್ಕಳು. ಒಂದು ಇನ್ನೊಂದರ ವೇಷ ಹಾಕುತ್ತದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಆದರೂ ಅಣ್ಣತಮ್ಮಂದಿರ ಹೆಸರೇ ಬಿದ್ದಿವೆ.

ಗಂಟು ಬಿಚ್ಚಿದವನು ಆಲ್ಫ್ರೆಡ್ ರಸೆಲ್ ವಾಲೇಸ್. ಡಾರ್ವಿನ್ ಜೊತೆಗೆ ವಿಕಾಸದ ವಿಚಾರ ಮುಂದಿಟ್ಟವನು ಅವನೇ. ಮಲಯ ದ್ವೀಪಗಳಲ್ಲಿ ವರ್ಷಗಟ್ಟಲೆ ಚಿಟ್ಟೆ ಹಿಡಿದ ಮೇಲೆ, 1865ರ ಒಂದು ಲೇಖನದಲ್ಲಿ ಇವೆಲ್ಲ ಒಂದೇ ಜಾತಿಯ ಹೆಣ್ಣುಗಳು ಅಂತ ಬರೆದ. ಅದಕ್ಕೆ ಮೂರು ವರ್ಷ ಮೊದಲು, 1862ರಲ್ಲಿ, ಅಮೆಜಾನ್ ಕಾಡಿನಿಂದ ಬಂದ ಹೆನ್ರಿ ಬೇಟ್ಸ್ ವೇಷದ ಗುಟ್ಟು ಹೇಳಿದ್ದ. ವಿಷ ಇಲ್ಲದ ಚಿಟ್ಟೆ ವಿಷ ಇರುವ ಚಿಟ್ಟೆಯಂತೆ ಕಂಡರೆ ಹಕ್ಕಿ ಅದನ್ನೂ ಬಿಡುತ್ತದೆ. ಮಾರ್ಮನ್ ಆ ಮಾತಿಗೆ ಸಿಕ್ಕ ಅತಿ ಒಳ್ಳೆಯ ಸಾಕ್ಷಿಗಳಲ್ಲಿ ಒಂದು.

ಹಾಗಾದರೆ ರೋಸ್‌ಗಳಿಗೆ ವಿಷ ಎಲ್ಲಿಂದ ಬಂತು? ಊಟದಿಂದ. ಈ ಎರಡೂ ಚಿಟ್ಟೆಗಳ ಹುಳು ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದರ ನೆಂಟ ಗಿಡಗಳನ್ನು. ನಮ್ಮ ಬಯಲುಸೀಮೆಯ ಕುರುಚಲು ಕಾಡಿನಲ್ಲಿ, ಬೇಲಿ ಮೇಲೆ ಹಬ್ಬುವ ಬಳ್ಳಿ ಅದು. ಸಿದ್ಧರಬೆಟ್ಟಕ್ಕೆ ಗಿಡಮೂಲಿಕೆ ಹುಡುಕಿಕೊಂಡು ಹೋಗುವವರಿಗೆ ಇದರ ಹೆಸರು ಹೊಸದಲ್ಲ. ಹಾವು ಕಚ್ಚಿದರೆ ಇದರ ಬೇರು ಅಂತ ಹಳೆಯವರು ಹೇಳುತ್ತಿದ್ದರು. ಇದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಅನ್ನುವ ವಸ್ತು ಇದೆ. ಹುಳು ಅದನ್ನು ತಿಂದು ಸಾಯುವ ಬದಲು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಅದು ಉಳಿಯುತ್ತದೆ.

ಇಲ್ಲಿ ದಾರಿ ತಪ್ಪಿ ಒಂದು ಮಾತು ಹೇಳಲೇಬೇಕು. ಈ ಬಳ್ಳಿಯನ್ನು ಕಷಾಯ ಮಾಡಿ ಕುಡಿಯಬೇಡಿ. ಬೆಲ್ಜಿಯಂನಲ್ಲಿ 1990ರ ದಶಕದ ಶುರುವಿನಲ್ಲಿ ತೂಕ ಇಳಿಸುವ ಔಷಧಿಯಲ್ಲಿ ಇದೇ ವಂಶದ ಗಿಡ ಸೇರಿಕೊಂಡು ಎಷ್ಟೋ ಹೆಂಗಸರ ಕಿಡ್ನಿ ಹಾಳಾಯಿತು. ಕ್ಯಾನ್ಸರ್ ತರುವ ವಸ್ತು ಅಂತಲೂ ಅದನ್ನು ಗುರುತಿಸಿದ್ದಾರೆ. ಹಾವು ಕಚ್ಚಿದರೆ ಆಸ್ಪತ್ರೆಗೆ ಹೋಗಿ. ಸುಮ್ನೆ ಹೇಳುತ್ತಿಲ್ಲ.

ಈಗ ಹಕ್ಕಿಯ ಕಡೆಯಿಂದ ನೋಡಿ. ಮರಿ ಕಾಜಾಣ ಒಂದು ಕ್ರಿಮ್ಸನ್ ರೋಸ್ ಹಿಡಿಯುತ್ತದೆ. ಬಾಯಿ ಕೆಡುತ್ತದೆ, ಉಗುಳುತ್ತದೆ. ರೋಸ್‌ನ ಮೈ ಗಟ್ಟಿ, ಒಂದು ಕುಕ್ಕಿಗೆ ಸಾಯುವುದಿಲ್ಲ. ರೆಕ್ಕೆ ಹರಿದುಕೊಂಡು ಹಾರಿ ಹೋಗುತ್ತದೆ. ಕಪ್ಪು ಮೈ ಮೇಲೆ ಕೆಂಪು ಚುಕ್ಕೆ ಅಂದ್ರೆ ಏನು ಅಂತ ಹಕ್ಕಿಗೆ ಪಾಠ ಆಯಿತು. ಮುಂದಿನ ವಾರ ರೊಮುಲಸ್ ವೇಷದ ಮಾರ್ಮನ್ ಎದುರು ಬಂದರೆ ಅದು ಮುಟ್ಟುವುದಿಲ್ಲ. ಇದು ಕಲ್ಪನೆ ಅಲ್ಲ. ಜಪಾನಿನಲ್ಲಿ ಪಿಕಳಾರದ ಜಾತಿಯ ಹಕ್ಕಿಗಳಿಗೆ ಮೊದಲು ಕಾಮನ್ ರೋಸ್ ತಿನ್ನಲು ಕೊಟ್ಟು, ಆಮೇಲೆ ವೇಷದ ಮಾರ್ಮನ್ ಕೊಟ್ಟು ನೋಡಿದ್ದಾರೆ. ರೋಸ್‌ನ ರುಚಿ ಕಂಡ ಹಕ್ಕಿಗಳು ವೇಷದ ಹೆಣ್ಣನ್ನೂ ಬೇಡ ಅಂದವು.

ಹಾಗಿದ್ದರೆ ಎಲ್ಲ ಹೆಣ್ಣುಗಳೂ ವೇಷ ಹಾಕಬಹುದಿತ್ತಲ್ಲ, ಸೈರಸ್ ಯಾಕೆ ಉಳಿಯಿತು? ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಿಂತು ನೋಡಿ. ಬೈಕಿನ ಮೇಲೆ ಪೊಲೀಸ್ ಅಂತ ಸ್ಟಿಕ್ಕರ್ ಅಂಟಿಸಿಕೊಂಡವರು ಒಬ್ಬಿಬ್ಬರು ಇದ್ದರೆ ಟ್ರಾಫಿಕ್‌ನವರು ಬಿಟ್ಟುಬಿಡಬಹುದು. ಎಲ್ಲ ಬೈಕಿನ ಮೇಲೂ ಅದೇ ಇದ್ದರೆ? ಮೊದಲು ಆ ಸ್ಟಿಕ್ಕರ್ ಇರುವ ಬೈಕನ್ನೇ ನಿಲ್ಲಿಸುತ್ತಾರೆ. ವೇಷ ನಡೆಯಬೇಕಾದರೆ ಅಸಲಿ ಜಾಸ್ತಿ ಇರಬೇಕು, ನಕಲಿ ಕಡಿಮೆ ಇರಬೇಕು. ಸುತ್ತಲೂ ನಕಲಿಯೇ ತುಂಬಿದರೆ ಹಕ್ಕಿ ಹಿಡಿದದ್ದೆಲ್ಲ ರುಚಿಯಾಗಿರುತ್ತದೆ. ಅದು ಕಲಿಯುವ ಪಾಠವೇ ಬೇರೆ ಆಗುತ್ತದೆ.

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಜಪಾನಿನ ದಕ್ಷಿಣ ತುದಿಯ ಮಿಯಾಕೊ ದ್ವೀಪದ್ದು. ಅಲ್ಲಿ ಮಾರ್ಮನ್ ಮೊದಲಿಂದಲೂ ಇತ್ತು, ಕಾಮನ್ ರೋಸ್ ಇರಲಿಲ್ಲ. 1960ರ ದಶಕದ ಕೊನೆಯ ಹೊತ್ತಿಗೆ ರೋಸ್ ಬಂದು ನೆಲೆ ಊರಿತು. ಆಮೇಲಿನ ವರ್ಷಗಳಲ್ಲಿ ಆ ದ್ವೀಪದ ಮಾರ್ಮನ್‌ಗಳಲ್ಲಿ ವೇಷದ ಹೆಣ್ಣುಗಳ ಪಾಲು ಏರುತ್ತಾ ಹೋಯಿತು. ಅಸಲಿ ಬಂದ ಮೇಲೆ ನಕಲಿಗೆ ಬೆಲೆ ಬಂತು. ರೊಮುಲಸ್ ರೂಪದ ಕಥೆಯೂ ಇದೇ. ಕ್ರಿಮ್ಸನ್ ರೋಸ್ ಹೆಚ್ಚಾಗಿ ಭಾರತ ಮತ್ತು ಶ್ರೀಲಂಕಾದ ಚಿಟ್ಟೆ. ಅದರ ವೇಷವೂ ಈ ನೆಲದಲ್ಲೇ. ಕ್ರಿಮ್ಸನ್ ರೋಸ್ ಇಲ್ಲದ ಪೂರ್ವದ ದೇಶಗಳಲ್ಲಿ ಮಾರ್ಮನ್ ಇದೆ, ಕಾಮನ್ ರೋಸ್ ವೇಷವೂ ಇದೆ, ರೊಮುಲಸ್ ಇಲ್ಲ. ಅಂದ್ರೆ ನಮ್ಮ ತುಮಕೂರಿನವರು ಅದೃಷ್ಟವಂತರು. ಮೂರೂ ರೂಪ ನೋಡಲು ಸಿಗುವ ಕಡೆ ಇದ್ದೇವೆ.

ಈಗ ರೆಕ್ಕೆಯ ಒಳಗುಟ್ಟಿಗೆ ಬರೋಣ. ಮಚ್ಚೆ ಎಲ್ಲಿ ಬೀಳಬೇಕು, ಬಿಳಿಯೋ ಕೆಂಪೋ, ಎಷ್ಟು ದೊಡ್ಡದು, ಇಷ್ಟೆಲ್ಲ ಒಟ್ಟಿಗೆ ಬದಲಾಗಬೇಕು. ಅರ್ಧ ವೇಷ ಹಾಕಿದರೆ ಹಕ್ಕಿ ಮೋಸ ಹೋಗುವುದಿಲ್ಲ. ಹಾಗಾಗಿ ಅಕ್ಕಪಕ್ಕದಲ್ಲಿರುವ ಹಲವು ಜೀನ್‌ಗಳು ಗುಂಪಾಗಿ ಈ ಕೆಲಸ ಮಾಡುತ್ತಿರಬೇಕು ಅಂತ ಬಹಳ ಕಾಲ ಅಂದುಕೊಂಡಿದ್ದರು. 1913ರಲ್ಲಿ ಫ್ರೈಯರ್ ಅನ್ನುವವರು ಸಿಲೋನಿನಲ್ಲಿ ಈ ಚಿಟ್ಟೆಗಳನ್ನು ಸಾಕಿ, ಜೋಡಿ ಮಾಡಿಸಿ, ವೇಷ ತಲೆಮಾರಿಗೆ ಹೇಗೆ ಇಳಿಯುತ್ತದೆ ಅಂತ ತೋರಿಸಿದರು. ಬಟಾಣಿ ಗಿಡದಲ್ಲಿ ಮೆಂಡೆಲ್ ಕಂಡ ನಿಯಮವೇ ಇಲ್ಲೂ ನಡೆಯುತ್ತದೆ. ವೇಷದ ಜೀನ್ ಪ್ರಬಲ. ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನ್‌ನ ವೇಷ ಇಲ್ಲದ ಪ್ರತಿ ಬಂದರೆ ಮಾತ್ರ ಸೈರಸ್ ಹುಟ್ಟುತ್ತದೆ. ಗಂಡಿನ ಬಳಿ ಆ ಜೀನ್ ಇದ್ದರೂ ತೋರುವುದಿಲ್ಲ. ಸದ್ದಿಲ್ಲದೆ ಮಗಳಿಗೆ ದಾಟಿಸುತ್ತಾನೆ.

ಆ ಜೀನ್ ಯಾವುದು ಅಂತ ಗೊತ್ತಾಗಲು ಮತ್ತೆ ನೂರು ವರ್ಷ ಹಿಡಿಯಿತು. 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರ ಲೇಖನ ಬಂತು. ಕುಂಟೆಯವರ ಪ್ರಯೋಗಾಲಯ ಇರುವುದು ದೂರದಲ್ಲೆಲ್ಲೂ ಅಲ್ಲ, ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ. ಅವರು ಕಂಡುಕೊಂಡದ್ದು ಇಷ್ಟು. ಜೀನ್‌ಗಳ ಗುಂಪೇನೂ ಬೇಕಿಲ್ಲ, ಡಬಲ್‌ಸೆಕ್ಸ್ ಅನ್ನುವ ಒಂದೇ ಜೀನ್ ಸಾಕು. ಆಶ್ಚರ್ಯ ಏನು ಗೊತ್ತಾ? ಅದು ಬಣ್ಣದ ಜೀನ್ ಅಲ್ಲ. ಕೀಟಗಳಲ್ಲಿ ಗಂಡು ಗಂಡಾಗಿ, ಹೆಣ್ಣು ಹೆಣ್ಣಾಗಿ ಬೆಳೆಯಲು ಬೇಕಾದ ಹಳೆಯ ಜೀನ್. ಮಾರ್ಮನ್‌ನಲ್ಲಿ ಅದಕ್ಕೆ ಇನ್ನೊಂದು ಕೆಲಸವೂ ಬಿದ್ದಿದೆ. ವೇಷ ಹೆಣ್ಣಿಗೆ ಮಾತ್ರ ಯಾಕೆ ಅನ್ನುವುದಕ್ಕೆ ಇಲ್ಲೇ ಅರ್ಧ ಉತ್ತರ ಇದೆ. ವೇಷದ ಸ್ವಿಚ್ಚು ಕೂತಿರುವುದೇ ಗಂಡು ಹೆಣ್ಣು ಬೇರೆ ಮಾಡುವ ಜೀನ್‌ನಲ್ಲಿ.

ಮುಂದಿನ ವರ್ಷ, 2015ರಲ್ಲಿ, ಜಪಾನಿನ ತಂಡವೊಂದು ಅದನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಹುಳು ಚಿಟ್ಟೆಯಾಗುವ ಮೊದಲಿನ ಪ್ಯೂಪಾ ಹಂತದಲ್ಲಿ ರೆಕ್ಕೆಯ ಒಂದು ಭಾಗದಲ್ಲಿ ಮಾತ್ರ ವೇಷದ ಡಬಲ್‌ಸೆಕ್ಸ್ ಕೆಲಸ ಮಾಡದಂತೆ ತಡೆದರು. ಚಿಟ್ಟೆ ಹೊರಬಂದಾಗ ಆ ಭಾಗದಲ್ಲಿ ವೇಷ ಕಳಚಿ, ಗಂಡಿನ ಥರದ ಗುರುತು ಬಂದಿತ್ತು. ವೇಷದ ಪ್ರತಿಯಲ್ಲಿ ವರ್ಣತಂತುವಿನ ಆ ತುಂಡು ತಲೆಕೆಳಗಾಗಿ ತಿರುಗಿ ಕೂತಿದೆ ಅಂತಲೂ ತಿಳಿಯಿತು. ತಿರುಗಿದ ತುಂಡು ಇನ್ನೊಂದು ಪ್ರತಿಯ ಜೊತೆ ಬೆರೆಯಲಾರದು. ಹಾಗಾಗಿ ವೇಷ ಅರ್ಧಂಬರ್ಧ ಆಗದೆ ಇಡಿಯಾಗಿ ಉಳಿಯುತ್ತದೆ.

ಬಿಳಿಯಲ್ಲೂ ಎರಡು ಬಗೆ ಇದೆ. ಗಂಡಿನ ಕೆನೆ ಬಣ್ಣದ ಚುಕ್ಕೆ ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆ. ವೇಷದ ಹೆಣ್ಣಿನ ಬಿಳಿ ಹೊಳೆಯುವುದಿಲ್ಲ. ಹಕ್ಕಿಗಳ ಕಣ್ಣಿಗೆ ನೇರಳಾತೀತದ ಕಡೆಯ ಬಣ್ಣಗಳೂ ಕಾಣುತ್ತವೆ ಅನ್ನುವುದನ್ನು ನೆನಪಿಡಿ. ವೇಷ ಹಾಕಿರುವುದು ನಮ್ಮ ಕಣ್ಣಿಗಾಗಿ ಅಲ್ಲ.

ಇನ್ನರ್ಧ ಉತ್ತರ ಉಳಿದಿದೆ. ಗಂಡಿಗೂ ವೇಷ ಇದ್ದರೆ ಒಳ್ಳೆಯದೇ ಅಲ್ವಾ? ಇದರ ಬಗ್ಗೆ ಎರಡು ವಾದ ಇವೆ. ಮೊದಲನೆಯದು, ಹೆಣ್ಣಿಗೆ ಅಪಾಯ ಜಾಸ್ತಿ. ಹೊಟ್ಟೆ ತುಂಬಾ ಮೊಟ್ಟೆ ಹೊತ್ತು ನಿಧಾನ ಹಾರಬೇಕು, ಎಲೆ ಎಲೆಗೂ ಇಳಿದು ಕಾಲಲ್ಲಿ ಮುಟ್ಟಿ ನೋಡಬೇಕು. ಎರಡನೆಯದು, ಹೆಣ್ಣು ಹಳೆಯ ರೂಪದ ಗಂಡನ್ನೇ ಒಪ್ಪುತ್ತದೆ, ವೇಷ ಹಾಕಿದ ಗಂಡಿಗೆ ಜೋಡಿ ಸಿಗದು. ನನಗೆ ಮೊದಲನೆಯದೇ ಹೆಚ್ಚು ಸರಿ ಅನ್ನಿಸುತ್ತದೆ. ಕರಿಬೇವಿನ ಗಿಡದ ಸುತ್ತ ಮೊಟ್ಟೆ ಇಡುವ ಹೆಣ್ಣನ್ನು ಒಮ್ಮೆ ನೋಡಿ. ಅಷ್ಟು ಹೊತ್ತು ಅಷ್ಟು ಬಯಲಲ್ಲಿ ಬೇರೆ ಯಾವ ಚಿಟ್ಟೆಯೂ ಧೈರ್ಯ ಮಾಡಿ ಸುಳಿದಾಡುವುದು ಕಡಿಮೆ.

ಸರಿ, ಹೊರಗೆ ಹೋದಾಗ ಗುರುತಿಸುವುದು ಹೇಗೆ? ರೆಕ್ಕೆ ನಂಬಬೇಡಿ, ಮೈ ನೋಡಿ. ರೋಸ್‌ಗಳ ತಲೆ, ಹೊಟ್ಟೆ ಕೆಂಪಾಗಿರುತ್ತವೆ. ಮಾರ್ಮನ್ ರೆಕ್ಕೆಗೆ ಎಷ್ಟೇ ಬಣ್ಣ ಬಳಿದುಕೊಂಡರೂ ಮೈ ಕಪ್ಪೇ. ವೇಷ ರೆಕ್ಕೆಯವರೆಗೆ ಮಾತ್ರ ಬಂದಿದೆ. ಮೊದಲ ಚಿತ್ರಕ್ಕೆ ಮತ್ತೆ ಹೋಗೋಣ. ಎಡಗಡೆಯದರ ಹೊಟ್ಟೆ ನೋಡಿ, ಕೆಂಪು. ಬಲಗಡೆಯದು ಕಪ್ಪು. ಈಗ ಯಾರೂ ಕೈ ಎತ್ತುವುದಿಲ್ಲ, ಗೊತ್ತು.

ಮೊಬೈಲಿನಲ್ಲಿ ಫೋಟೊ ತೆಗೆಯುವವರಿಗೆ ಒಂದು ಮಾತು. ಈ ಚಿಟ್ಟೆಗಳು ಹೂವಿನ ಮೇಲೆ ಕೂತಾಗಲೂ ಮುಂದಿನ ರೆಕ್ಕೆ ಬಡಿಯುತ್ತಲೇ ಇರುತ್ತವೆ. ಫೋಟೊದಲ್ಲಿ ರೆಕ್ಕೆ ಕಲಸಿಹೋಗುತ್ತದೆ. ಪರವಾಗಿಲ್ಲ, ಮೈ ಸ್ಪಷ್ಟ ಬಂದರೆ ಸಾಕು. ಹಾರಾಟವೂ ಸುಳಿವು ಕೊಡುತ್ತದೆ. ರೋಸ್ ಆರಾಮಾಗಿ, ಯಾರ ಹೆದರಿಕೆಯೂ ಇಲ್ಲದೆ ಹಾರುತ್ತದೆ. ವೇಷದ ಮಾರ್ಮನ್ನೂ ಹಾಗೇ ನಟಿಸುತ್ತದೆ. ಕೈ ಬೀಸಿ ಗಾಬರಿ ಮಾಡಿದರೆ ನಟನೆ ಮರೆತು ಸರ‍್ರನೆ ಓಡುತ್ತದೆ.

ನೋಡಲು ಒಳ್ಳೆಯ ಜಾಗ ನಮಗೆ ಹತ್ತಿರವೇ ಇದೆ. ದೇವರಾಯನದುರ್ಗದ ದಾರಿ, ನಾಮದ ಚಿಲುಮೆಯ ಸುತ್ತ. ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡುವಾಗ ನಾಮದ ಚಿಲುಮೆಗೆ ಬಂದಿದ್ದರು. ಹಕ್ಕಿ ಇದ್ದಲ್ಲಿ ಚಿಟ್ಟೆಯ ವೇಷಕ್ಕೆ ಅರ್ಥ ಇರುತ್ತದೆ. ರಸ್ತೆ ಬದಿಯ ಲಂಟಾನ ಹೂವಿನ ಹತ್ತಿರ ಬೆಳಗ್ಗೆ ನಿಂತರೆ ಅಸಲಿ ನಕಲಿ ಎರಡೂ ಒಂದೇ ಪೊದೆಗೆ ಬರುತ್ತವೆ. ಲಂಟಾನ ಕಾಡಿಗೆ ಕೇಡು ಮಾಡುವ ಕಳೆ, ಅದು ನಿಜ. ಚಿಟ್ಟೆಗೆ ಆ ಲೆಕ್ಕ ಇಲ್ಲ.

ನನ್ನ ಚಿಂತೆ ಇರುವುದು ಮಾರ್ಮನ್ ಬಗ್ಗೆ ಅಲ್ಲ. ಕರಿಬೇವು, ನಿಂಬೆ ಇರುವವರೆಗೆ ಅದು ಇರುತ್ತದೆ. ಚಿಂತೆ ಈಶ್ವರಿ ಬಳ್ಳಿಯದ್ದು. ಜೀವಂತ ಬೇಲಿ ತೆಗೆದು ಕಲ್ಲುಕಂಬ, ತಂತಿ ಹಾಕುತ್ತೇವೆ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬೀಳುತ್ತದೆ. ಬೇರು ಕಿತ್ತು ಮಾರುತ್ತಾರೆ. ಬಳ್ಳಿ ಹೋದ ಕಡೆ ರೋಸ್ ಹೋಗುತ್ತದೆ. ರೋಸ್ ಇಲ್ಲದ ಊರಿನಲ್ಲಿ ಹಕ್ಕಿಗೆ ಪಾಠ ಹೇಳುವವರಿಲ್ಲ. ಅಲ್ಲಿ ಕೆಂಪು ಚುಕ್ಕೆಯ ಮಾರ್ಮನ್ ಬರೀ ಎದ್ದು ಕಾಣುವ ತಿಂಡಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಪಶ್ಚಿಮ ಘಟ್ಟದಲ್ಲಿ ಇದೇ ವಂಶದ ಬಳ್ಳಿಗಳನ್ನು ನಂಬಿಕೊಂಡಿದೆ. ಹೂ ಗಿಡ ನೆಟ್ಟು ಚಿಟ್ಟೆ ಪಾರ್ಕು ಅಂತ ಬೋರ್ಡು ಹಾಕುವವರು ಹುಳು ತಿನ್ನುವ ಗಿಡದ ಕಡೆ ಗಮನ ಕೊಡುವುದು ಕಡಿಮೆ. ಹೂವಿಗೆ ಬರುವುದು ದೊಡ್ಡವು, ಮಕ್ಕಳಿಗೆ ಎಲೆ ಬೇಕು.

ಇಲ್ಲಿಗೆ ನನ್ನ ಮಾತು ಮುಗಿಯಿತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರು ಇಲ್ಲಿವೆ.

ಗುಬ್ಬಿ ಕಡೆಯ ರೈತರೊಬ್ಬರು ಎದ್ದು ಕೇಳಿದರು: “ಸಾರ್, ನೀವು ಚಂದ ಅಂತೀರಿ. ನಮ್ಮ ನಿಂಬೆ ಸಸಿ ಎಲೆನೆಲ್ಲ ತಿಂದು ಬೋಳು ಮಾಡ್ತವೆ. ಔಷಧಿ ಹೊಡೀದೆ ಏನ್ ಮಾಡ್ಬೇಕು?”

ನ್ಯಾಯವಾದ ಪ್ರಶ್ನೆ. ಮಾರ್ಮನ್ ಮತ್ತು ಅದರ ನೆಂಟ ಲೈಮ್ ಬಟರ್‌ಫ್ಲೈ ಎರಡರ ಹುಳುಗಳೂ ಎಳೆ ನಿಂಬೆ ಸಸಿಗೆ ತೊಂದರೆ ಕೊಡುತ್ತವೆ. ದೊಡ್ಡ ಮರಕ್ಕೆ ಅದು ಲೆಕ್ಕಕ್ಕಿಲ್ಲ, ಮತ್ತೆ ಚಿಗುರುತ್ತದೆ. ಸಸಿ ಕೆಲವೇ ಇದ್ದರೆ ಕೈಯಲ್ಲೇ ಹುಳು ಆರಿಸಿ ಹತ್ತಿರದ ದೊಡ್ಡ ಗಿಡಕ್ಕೆ ಬಿಡಿ. ಎಳೆ ಹುಳು ಹಕ್ಕಿ ಹಿಕ್ಕೆಯಂತೆ ಕಪ್ಪು ಬಿಳುಪಾಗಿರುತ್ತದೆ, ಎಲೆಯ ಮೇಲೇ ಕೂತಿರುತ್ತದೆ. ದೊಡ್ಡದಾದ ಮೇಲೆ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಕೊಂಬೊಂದನ್ನು ಹೊರಗೆ ಚಾಚಿ ಘಾಟು ವಾಸನೆ ಬಿಡುತ್ತದೆ. ಕಚ್ಚುವುದಿಲ್ಲ, ಹೆದರಬೇಡಿ. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು. ಅದರಲ್ಲಿ ತಿನ್ನುವ ಕಾಲ ಅರ್ಧದಷ್ಟು.

ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ: “ಸಾರ್, ಕರಿಬೇವು ತಿಂದ ಹುಳುವಿಗೆ ವಿಷ ಯಾಕೆ ಬರಲ್ಲ? ಅದಕ್ಕೂ ವಾಸನೆ ಇದೆಯಲ್ಲ?”

ಕರಿಬೇವಿನ ವಾಸನೆಯ ಎಣ್ಣೆ ಎಷ್ಟೋ ಕೀಟಗಳನ್ನು ದೂರ ಇಡುತ್ತದೆ. ಈ ಹುಳುವಿಗೆ ಅದರಿಂದ ತೊಂದರೆ ಇಲ್ಲ. ಆದರೆ ಅದು ಹಕ್ಕಿಯ ಹೊಟ್ಟೆ ಕೆಡಿಸುವಂಥ ವಿಷವಲ್ಲ. ನಾವೇ ದಿನಾ ಒಗ್ಗರಣೆಗೆ ಹಾಕಿ ತಿನ್ನುತ್ತೇವಲ್ಲ. ಹಾಗಾಗಿ ಮಾರ್ಮನ್‌ಗೆ ಸ್ವಂತ ವಿಷ ಇಲ್ಲ, ಸಾಲದ ವೇಷ ಇದೆ.

ಕೊನೆಗೆ ಒಬ್ಬ ಹಿರಿಯ ತಾಯಿ: “ಈಶ್ವರಿ ಬಳ್ಳಿ ನರ್ಸರೀಲಿ ಸಿಗುತ್ತಾ? ನಮ್ಮ ಮನೆ ಕಾಂಪೌಂಡಿಗೆ ಹಬ್ಬಿಸ್ತೀನಿ.”

ಹಬ್ಬಿಸಿ ಅಮ್ಮಾ, ಆದರೆ ಸ್ವಲ್ಪ ನೋಡಿ ತನ್ನಿ. ಇದೇ ವಂಶದ ವಿದೇಶಿ ಬಳ್ಳಿಗಳನ್ನು, ದೊಡ್ಡ ಕಂದು ಹೂವಿನವು, ಅಲಂಕಾರಕ್ಕೆ ಮಾರುತ್ತಾರೆ. ಆಸ್ಟ್ರೇಲಿಯಾದಲ್ಲಿ ಅಂಥದ್ದೊಂದು ತೋಟಗಳಿಗೆ ಬಂತು. ಅಲ್ಲಿನ ರಿಚ್‌ಮಂಡ್ ಬರ್ಡ್‌ವಿಂಗ್ ಚಿಟ್ಟೆ ತನ್ನ ಗಿಡವೇ ಅಂದುಕೊಂಡು ಅದರ ಮೇಲೆ ಮೊಟ್ಟೆ ಇಟ್ಟಿತು. ಎಲೆ ತಿಂದ ಹುಳುಗಳು ಸತ್ತವು. ನೀವು ನಮ್ಮ ನಾಡ ಈಶ್ವರಿ ಬಳ್ಳಿಯನ್ನೇ ಕೇಳಿ. ಕಾಡಿನಿಂದ ಬೇರು ಸಮೇತ ಕಿತ್ತು ತರಬೇಡಿ. ಔಷಧಿ ಗಿಡ ಬೆಳೆಸುವವರ ಹತ್ತಿರ ಬೀಜ ಅಥವಾ ಸಸಿ ಸಿಗಬಹುದು. ಮೊಮ್ಮಕ್ಕಳು ಎಲೆ ಬಾಯಿಗೆ ಹಾಕದ ಕಡೆ, ಕಾಂಪೌಂಡಿನ ಹೊರಮೈಗೆ ಹಬ್ಬಿಸಿ. ಪಕ್ಕದಲ್ಲೇ ಕರಿಬೇವು ಇದ್ದರೆ ಇನ್ನೂ ಒಳ್ಳೆಯದು.